ಮೈ ತುಂಬಿದರೂ ರಕ್ತ ಕಡಿಮೆ!

'ಇನ್ನು ಇಬ್ಬರ ಊಟ ಮಾಡಬೇಕಮ್ಮ' ಎಂದು ಹಿರಿಯರು ಗರ್ಭಿಣಿಗೆ ಹೇಳುವುದನ್ನು ನೀವು ಕೇಳಿರಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲೂ ಈ ಮಾತು ಹೊಸದಲ್ಲ. ಆಕೆ ಮೈ ತುಂಬಿಕೊಂಡರೆ 'ರಕ್ತ ಚೆನ್ನಾಗಿದೆ' ಎಂದು ಎಲ್ಲರಿಗೂ ಸಮಾಧಾನ. ಆದರೆ ತೂಕ ಬೇರೆ, ರಕ್ತದ ಗುಣ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ರಷ್ಟು ಮಂದಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 30 ಮಂದಿಯ ತೂಕ ಮಿತಿ ಮೀರಿತ್ತು.

ಇವೆರಡೂ ಒಬ್ಬರಲ್ಲೇ ಇರಬಹುದೇ? ಇರಬಹುದು. ಇಡೀ ಗರ್ಭಾವಧಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಗರ್ಭಿಣಿಯರಲ್ಲಿ ಇದರ ಪ್ರಮಾಣ ಸಹಜವಾಗಿ ಇಳಿದು ಬಾಗಿಲು ತೆರೆದುಕೊಳ್ಳುತ್ತದೆ. ಬೊಜ್ಜು ಹೆಚ್ಚಾದಾಗ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿದು, ಹೆಪ್ಸಿಡಿನ್ ಬೇಕಾದಷ್ಟು ಇಳಿಯದಿರಬಹುದು. ಆಗ ತಿಂದ ಕಬ್ಬಿಣವೂ ಪೂರ್ಣವಾಗಿ ದಕ್ಕುವುದಿಲ್ಲ.

ಅಧಿಕ ತೂಕದಿಂದ ರಕ್ತದೊತ್ತಡ, ಗರ್ಭಾವಧಿಯ ಮಧುಮೇಹ, ಸಿಸೇರಿಯನ್ ಹೆರಿಗೆಯ ಸಂಭವ ಹೆಚ್ಚುತ್ತದೆ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ರಕ್ತಹೀನ ತಾಯಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಏನು ಮಾಡಬೇಕು? ಪ್ರತಿ ತಪಾಸಣೆಯಲ್ಲೂ ಹಿಮೋಗ್ಲೋಬಿನ್ ನೋಡಿಸಿ. ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ತೀವ್ರ ಸ್ಥಿತಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ.

ಮುದ್ದೆ, ಬೆರಕೆ ಸೊಪ್ಪಿನ ಸಾರು ಒಳ್ಳೆಯ ಊಟವೇ. ಆದರೆ ಸಸ್ಯಾಹಾರದ ಕಬ್ಬಿಣ ಸುಲಭವಾಗಿ ದಕ್ಕದು. ಅದಕ್ಕೆ ನಿಂಬೆರಸ ಹಿಂಡಿಕೊಳ್ಳಿ. ನೆಲ್ಲಿಕಾಯಿ, ಹಸಿ ಟೊಮೆಟೊ ಜೊತೆಗಿರಲಿ. ಇವುಗಳಲ್ಲಿನ ಸಿ ಜೀವಸತ್ವ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಊಟದೊಡನೆ ಕಾಫಿ, ಟೀ ಬೇಡ.

ತೂಕ ಹೆಚ್ಚಿದೆಯೆಂದು ಗರ್ಭಿಣಿ ಉಪವಾಸ ಮಾಡಬಾರದು. ಸಿಹಿ, ಕರಿದ ತಿಂಡಿ ಕಡಿಮೆ ಮಾಡಿ, ವೈದ್ಯರನ್ನು ಕೇಳಿ ನಿತ್ಯ ನಡೆದಾಡಲಿ. ಬೇಕಾದದ್ದು ಇಬ್ಬರ ಅಳತೆಯ ಊಟವಲ್ಲ, ಇಬ್ಬರಿಗೂ ಸಲ್ಲುವ ಊಟ.