ಬಿಲ್ ಇಲ್ಲದ ಆಸ್ಪತ್ರೆ, ಸಹಿ ಕೇಳುವ ಕಾಗದ

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ಪಟ್ಟಂದೂರು ಅಗ್ರಹಾರದಲ್ಲಿ ನಿಂತರೆ ಇಳಿಯುವವರಲ್ಲಿ ಬಹುಪಾಲು ಕೊರಳಲ್ಲಿ ಐಡಿ ಕಾರ್ಡ್ ತೂಗುಬಿಟ್ಟವರು. ಐಟಿಪಿಎಲ್ ಟೆಕ್ ಪಾರ್ಕಿನ ಜನ. ಅದರ ಹಿಂದಿನ ನಿಲ್ದಾಣದಲ್ಲಿ ಇಳಿಯುವವರ ಕೈಯಲ್ಲಿ ಬೇರೆಯದೇ ಸಾಮಾನು: ಸ್ಕ್ಯಾನಿಂಗ್ ಕವರು, ಬಟ್ಟೆ ಚೀಲ, ನೀರಿನ ಬಾಟಲಿ. ಆ ನಿಲ್ದಾಣದ ಹೆಸರೇ ಶ್ರೀ ಸತ್ಯಸಾಯಿ ಆಸ್ಪತ್ರೆ. ಎರಡರ ನಡುವೆ ನಡೆದೇ ಹೋಗಬಹುದು, ಫುಟ್‌ಪಾತಿನ ಮೇಲೆ ನಿಲ್ಲಿಸಿದ ಬೈಕುಗಳನ್ನು ದಾಟುವ ತಾಳ್ಮೆಯಿದ್ದರೆ.

2001ರ ಜನವರಿ 19ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದ ಆಸ್ಪತ್ರೆ ಇದು. ಹೃದಯದ, ಮಿದುಳಿನ ಆಪರೇಷನ್ನುಗಳು ಇಲ್ಲಿ ಉಚಿತ. ಇದೇ ರಸ್ತೆಯ ಆಸುಪಾಸಿನಲ್ಲಿ ವೈದೇಹಿ ವೈದ್ಯಕೀಯ ಕಾಲೇಜೂ ಇದೆ. ಸಾಫ್ಟ್‌ವೇರ್ ಕಟ್ಟಡಗಳ ಮಧ್ಯೆ ಎದೆ ತೆರೆಯುವ ಇಷ್ಟೊಂದು ಥಿಯೇಟರುಗಳಿವೆ ಎಂಬುದು ಇಲ್ಲಿ ದಿನಾ ಓಡಾಡುವವರಿಗೂ ನೆನಪಿರುವುದಿಲ್ಲ.

ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ, ಸರ್ಜನ್ ಹೆಸರು ಥಟ್ಟನೆ ಬರುತ್ತದೆ. ಅರಿವಳಿಕೆ ಕೊಟ್ಟ ಡಾಕ್ಟರು ಯಾರೆಂದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಅಷ್ಟು ಹೊತ್ತೂ ರೋಗಿಯ ಉಸಿರು, ರಕ್ತದೊತ್ತಡ, ನೋವು ಎಲ್ಲ ಅವರ ಕೈಯಲ್ಲೇ ಇರುತ್ತದೆ.

ಥಿಯೇಟರಿನೊಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ, ಆದರೆ ಅಲ್ಲಿ ನಡೆಯುವುದು ಗುಟ್ಟೇನೂ ಅಲ್ಲ. ಹೃದಯದ ಆಪರೇಷನ್ನಿನಲ್ಲಿ ರಕ್ತವನ್ನು ಹೃದಯ–ಶ್ವಾಸಕೋಶ ಯಂತ್ರಕ್ಕೆ ತಿರುಗಿಸುವ ಮುನ್ನ ಅದು ಹೆಪ್ಪುಗಟ್ಟದಂತೆ ಹೆಪಾರಿನ್ ಚುಚ್ಚುತ್ತಾರೆ. ಪುಟ್ಟ ಕೊಳವೆಗೆ ಒಂದಿಷ್ಟು ರಕ್ತ ಹಾಕಿ, ಹೆಪ್ಪಾಗಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಯಂತ್ರದಲ್ಲಿ ನೋಡುತ್ತಾರೆ. ಮಾಮೂಲಿಯಾಗಿ ನೂರರ ಆಚೀಚೆ ಇರುವ ಆ ಅಂಕಿ 480 ದಾಟುವ ತನಕ ಬಹಳ ಕಡೆ ಪಂಪ್ ಶುರು ಮಾಡುವುದಿಲ್ಲ. 1975ರಲ್ಲಿ ಬುಲ್ ಎಂಬ ಸಂಶೋಧಕ ಮತ್ತು ಸಂಗಡಿಗರು ಸೂಚಿಸಿದ ಗಡಿ ಅದು. 480 ಬೇಕೇ, 400 ಸಾಕೇ ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಅರಿವಳಿಕೆಯ ಸಂಶೋಧನೆಯೆಂದರೆ ಬಹುಮಟ್ಟಿಗೆ ಇಂಥದೇ. ಹೊಸ ಔಷಧಿ ಕಂಡುಹಿಡಿಯುವುದಕ್ಕಿಂತ, ದಿನವೂ ಮಾಡುವ ಕೆಲಸದಲ್ಲಿ ಎಷ್ಟು ಸರಿ, ಯಾವುದು ಹೆಚ್ಚು ಎಂದು ಕೇಳುವುದು.

ಕೇಳದಿದ್ದರೆ ಏನಾಗುತ್ತದೆ? 2001ರಲ್ಲಿ ಬೆಲ್ಜಿಯಂನ ಲೂವೆನ್‌ನ ಒಂದು ಐಸಿಯುನಿಂದ 1548 ರೋಗಿಗಳ ಅಧ್ಯಯನ ಬಂತು. ಅವರಲ್ಲಿ ಹೆಚ್ಚಿನವರು ಹೃದಯದ ಆಪರೇಷನ್ ಆದವರು. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಸಾವು ಕಡಿಮೆಯಾಗುತ್ತದೆ ಎಂದಿತು. ಬಹಳಷ್ಟು ಐಸಿಯುಗಳು ಅದನ್ನೇ ಪಾಲಿಸತೊಡಗಿದವು. 2009ರಲ್ಲಿ 6104 ರೋಗಿಗಳ ನೈಸ್–ಶುಗರ್ ಅಧ್ಯಯನ ಬಂದಾಗ ಕಂಡದ್ದು ಉಲ್ಟಾ: ಬಿಗಿ ಹಿಡಿದ ಗುಂಪಿನಲ್ಲಿ 90 ದಿನಗಳೊಳಗೆ ಸತ್ತವರು ಶೇ 27.5, ಸಡಿಲ ಬಿಟ್ಟವರಲ್ಲಿ ಶೇ 24.9. ಒಳ್ಳೆಯದೆಂದು ನಂಬಿ ಮಾಡಿದ್ದೇ ಮುಳುವಾಗಿತ್ತು. ಸುಳ್ಳು ಸಂಶೋಧನೆಯ ಕಾಟ ಬೇರೆ. ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್‌ನ ನೂರಾರು ಲೇಖನಗಳನ್ನು ಪತ್ರಿಕೆಗಳು ಹಿಂತೆಗೆದುಕೊಳ್ಳಬೇಕಾಯಿತು.

ನಮ್ಮಲ್ಲಿ ನಡೆಯುವ ಅರಿವಳಿಕೆ ಸಂಶೋಧನೆಯಲ್ಲಿ ದೊಡ್ಡ ಪಾಲು ಎಂ.ಡಿ. ವಿದ್ಯಾರ್ಥಿಗಳ ಥೀಸಿಸ್. ಮೂವತ್ತು–ಮೂವತ್ತು ಜನರ ಎರಡು ಗುಂಪು, ಲಕೋಟೆ ಒಡೆದು ಯಾರಿಗೆ ಯಾವ ಗುಂಪೆಂಬ ಹಂಚಿಕೆ, ಬೆನ್ನಿಗೆ ಕೊಡುವ ಅರಿವಳಿಕೆ ಮದ್ದು ಬುಪಿವಕೇನ್ ಜೊತೆ ಫೆಂಟನಿಲ್ ಒಳ್ಳೆಯದೋ ಡೆಕ್ಸ್‌ಮೆಡಿಟೊಮಿಡಿನ್ ಒಳ್ಳೆಯದೋ. ಇದೇ ಪ್ರಶ್ನೆಯನ್ನು ಒಂದೊಂದು ಕಾಲೇಜೂ ಬೇರೆಬೇರೆಯಾಗಿ ಕೇಳುತ್ತಿದ್ದರೆ ಉತ್ತರ ಗಟ್ಟಿಯಾಗುವುದು ಎಂದು? ಹತ್ತು ಕಾಲೇಜು ಕೂಡಿ ಒಂದೇ ಅಧ್ಯಯನ ಮಾಡಿದರೆ ಅಧ್ಯಯನಕ್ಕೆ ಒಪ್ಪಿ ರೋಗಿ ಹಾಕುವ ಸಹಿಗೂ ಬೆಲೆ ಬಂದೀತು.

ಆ ಸಹಿಯದೇ ನಾಜೂಕಿನ ವಿಷಯ. ಬೆಳಿಗ್ಗೆ ಆಪರೇಷನ್ ಇರುವ ಹಳ್ಳಿಯ ಮನುಷ್ಯನ ಮುಂದೆ ಹಿಂದಿನ ಸಂಜೆ ಕಾಗದ ಇಟ್ಟರೆ ಆತ ಬೇಡ ಎಂದಾನೆಯೇ? ಉಚಿತವಾಗಿ ನೋಡುವ ಆಸ್ಪತ್ರೆ ಯಾವುದೇ ಇರಲಿ, ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದವರು ನಾವು. “ನೀವು ಹೇಳಿದಂಗೆ ಸ್ವಾಮಿ” ಎಂದು ಹೆಬ್ಬೆಟ್ಟು ಒತ್ತುತ್ತಾರೆ. ಅದು ಒಪ್ಪಿಗೆಯಲ್ಲ, ಕೃತಜ್ಞತೆ. ಒಪ್ಪಿಗೆ ಬರೀ ಹೆಸರಿಗಾಗಬಹುದೆಂಬ ಭಯ ಕಾನೂನಿಗೂ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಕನಿಷ್ಠ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು, ವೈದ್ಯರಲ್ಲದ ಸಾಮಾನ್ಯರೊಬ್ಬರು ಕೂರಲೇಬೇಕು.

ನಿಮ್ಮ ಮನೆಯವರನ್ನು ಆಪರೇಷನ್ನಿಗೆ ಸೇರಿಸಿದಾಗ ಇಂಥ ಕಾಗದ ಬಂದರೆ ಹೆದರಬೇಡಿ, ಹಾಗೆಂದು ಓದದೆ ಸಹಿಯನ್ನೂ ಹಾಕಬೇಡಿ. ಕನ್ನಡದ ಪ್ರತಿ ಕೇಳಿ. ಇದು ಚಿಕಿತ್ಸೆಯೋ ಅಧ್ಯಯನವೋ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. 2007ರಿಂದ ನಡೆಯುತ್ತಿರುವ ಆ ದಾಖಲೆಯನ್ನು ಯಾರು ಬೇಕಾದರೂ ಫೋನಿನಲ್ಲೇ ತೆರೆದು ನೋಡಬಹುದು. ಬೇಡವೆಂದರೂ, ಒಪ್ಪಿ ನಡುವೆ ಬಿಟ್ಟರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.