ರಾಮನಗರದ ಬಂಡೆ: ಶಿಲಾರಚನೆ ಮತ್ತು ಕಲ್ಲುಕುಟಿಗರ ತಿಳಿವಳಿಕೆ

ರಾಮನಗರದ ಸುತ್ತಣ ಬೆಟ್ಟಗಳ ಬೂದು ಮಿಶ್ರಿತ ನಸುಗೆಂಪು ಶಿಲೆಯನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಗುರುತಿಸುತ್ತಾರೆ. ಬ್ಯಾರಿ ಕ್ಲೋಸ್‌ನಿಂದ ಬಂದ ಕ್ಲೋಸ್‌ಪೇಟೆ ಎಂಬುದು ಈ ಊರಿನ ಹಿಂದಿನ ಹೆಸರು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಉಳಿದುಕೊಂಡಿತು. ಸುಮಾರು 250 ಕೋಟಿ ವರ್ಷಗಳ ಹಿಂದೆ, ತನಗಿಂತ ಹಳೆಯದಾದ ನೈಸ್ ಶಿಲೆಯೊಳಗೆ ನುಗ್ಗಿ ನೆಲದಾಳದಲ್ಲಿಯೇ ಆರಿದ ಶಿಲಾರಸದಿಂದ ಇದು ರೂಪುಗೊಂಡಿದೆ. ಈ ಶಿಲಾಪಟ್ಟಿ ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಹಬ್ಬಿದೆ.

ನಿಧಾನವಾಗಿ ಆರಿದುದರಿಂದ ಇದರ ಹರಳುಗಳು ದೊಡ್ಡವು. ಪೊಟ್ಯಾಷ್ ಫೆಲ್ಡ್‌ಸ್ಪಾರ್ ಕೆಂಪು ಛಾಯೆಯನ್ನು, ಬೆಣಚು ಗಡಸನ್ನು ನೀಡುತ್ತವೆ. ಕರಿಯ ಚುಕ್ಕೆಗಳಲ್ಲಿ ಹೆಚ್ಚಿನವು ಕಪ್ಪು ಅಭ್ರಕದವು. ಇಂಥ ಒರಟು ಹರಳಿನ ಕಲ್ಲು ಕಂಬಕ್ಕೆ, ಚಪ್ಪಡಿಗೆ ಒಗ್ಗುತ್ತದೆಯೇ ಹೊರತು ಬೇಲೂರಿನ ಮದನಿಕೆಯ ಕೊರಳಹಾರಕ್ಕೆ ಒಗ್ಗದು. ಹೊಯ್ಸಳ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡುದು ಸಹಜವೇ ಆಗಿದೆ.

ಗಣಿಗೆ ಖನಿಜಗಳಿಗಿಂತಲೂ ಮುಖ್ಯವಾದುದು ಬಿರುಕುಗಳ ವಿನ್ಯಾಸ. ಮೇಲಿದ್ದ ಶಿಲಾಸ್ತರಗಳು ಸವೆದು ಭಾರ ಇಳಿದಂತೆ ಬಂಡೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಪದರು ಪದರಾಗಿ ಬಿಡುತ್ತದೆ. ಪದರುಗಳು ಮೇಲೆ ತೆಳು, ಆಳಕ್ಕೆ ಹೋದಂತೆ ದಪ್ಪ. ಇವನ್ನು ನೆಟ್ಟನೆಯ ಬಿರುಕುಗಳು ಅಡ್ಡಹಾಯುತ್ತವೆ. ಬಿರುಕೇ ಕಾಣದ ಕಡೆಯೂ ಕಲ್ಲು ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಸೀಳುವುದಿಲ್ಲ. ಸೂಕ್ಷ್ಮ ಬಿರುಕುಗಳು ಒಂದೇ ದಿಕ್ಕಿಗೆ ಒರಗಿರುವುದು ಇದಕ್ಕೆ ಕಾರಣ. ಕಲ್ಲುಕುಟಿಗನು ಬೆಣೆಗಳ ಸಾಲನ್ನು ಹೂಡುವುದು ಈ ದಿಕ್ಕನ್ನು ಅರಿತೇ.

ಬೆಂಕಿಯಿಂದ ಪದರನ್ನು ಎಬ್ಬಿಸುವ ಕ್ರಮ ಇನ್ನೂ ಕುತೂಹಲಕರವಾದುದು. ದಕ್ಷಿಣ ಭಾರತದ ಈ ಪದ್ಧತಿಯನ್ನು 1895ರಲ್ಲಿಯೇ ‘ನೇಚರ್’ ಪತ್ರಿಕೆ ವರದಿ ಮಾಡಿತ್ತು. ಸೌದೆಯ ಉರಿಯನ್ನು ಬಂಡೆಯ ಮೇಲೆ ಮೆಲ್ಲಮೆಲ್ಲನೆ ಮುಂದೆ ಸರಿಸುತ್ತಾರೆ. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಕೆಳಭಾಗದಿಂದ ಬಿಡುತ್ತದೆ. ಎಲ್ಲಿಯವರೆಗೆ ಬಿಟ್ಟಿದೆಯೆಂಬುದನ್ನು ಹೇಳುವುದು ಸುತ್ತಿಗೆಯ ಸದ್ದು: ಬಿಟ್ಟ ಕಡೆ ಟೊಳ್ಳು ದನಿ, ಬಿಡದ ಕಡೆ ಗಟ್ಟಿ ದನಿ.

ಸಿಡಿಮದ್ದಿಗೆ ಈ ಕಿವಿ ಬೇಕಿಲ್ಲ. ಜಲ್ಲಿಗಾಗಿ ಒಡೆಯುವ ಬಂಡೆಯಲ್ಲಿ ಸೀಳುವ ದಿಕ್ಕನ್ನು ಹುಡುಕುವ ಅಗತ್ಯವೂ ಇಲ್ಲ. ಸ್ಫೋಟದ ಹೊಸ ಬಿರುಕುಗಳು ಹಬ್ಬಿದ ಕಲ್ಲು ಮತ್ತೆ ಚಪ್ಪಡಿಗೆ ಒದಗುವುದೂ ಕಷ್ಟ. ಬಂಡೆಯೊಂದಿಗೆ ಅದನ್ನು ಓದುವ ವಿದ್ಯೆಯೂ ಪುಡಿಯಾಗುತ್ತಿದೆ. ವೃತ್ತಿಗೀತೆಗಳಿಗೆ ದೊರೆತ ಗಮನ ಜಾನಪದ ಅಧ್ಯಯನದಲ್ಲಿ ಈ ವಿದ್ಯೆಗೆ ದೊರೆತಿಲ್ಲ. ಹಾಡನ್ನು ಜಗಲಿಯಲ್ಲಿ ಕುಳಿತು ಬರೆದುಕೊಳ್ಳಬಹುದು. ಸುತ್ತಿಗೆಯ ದನಿಯ ವ್ಯತ್ಯಾಸವನ್ನು ಬಂಡೆಯ ಮೇಲೆ, ಬಲ್ಲವನ ಪಕ್ಕದಲ್ಲಿ ನಿಂತೇ ದಾಖಲಿಸಬೇಕಾಗುತ್ತದೆ.