‘ಬೋರ್ಡ್ ಹೋಗೇತಿ’ ಅನ್ನೂ ಮೊದಲು ವೈರ್ ನೋಡ್ರಿ!

ಹಳೆಯ ಪಿಎಸ್-2 ಗೇಮ್ ಪೆಟ್ಟಿಗೆ: ರೋಗ ಸಣ್ಣದು, ಹೆದರಿಕೆ ದೊಡ್ಡದು

ಸೊಲ್ಲಾಪುರ: ಟಿವಿಗೆ ಹಚ್ಚಿದರೆ ಚಿತ್ರವಿಲ್ಲ. ಡಿಸ್ಕ್ ಹಾಕಿದರೆ ಗರಗರ ತಿರುಗಿ ನಿಲ್ಲುತ್ತದೆ. ಅಂಗಡಿಗೆ ಒಯ್ದರೆ ಸಿದ್ಧ ಉತ್ತರ: ‘ಬೋರ್ಡ್ ಹೋಗೇತ್ರಿ, ಗುಜರಿಗೆ ಹಾಕ್ರಿ’.

ಅಟ್ಟ ಸೇರಿದ ಹಳೆಯ ಪಿಎಸ್-2 ಗೇಮ್ ಪೆಟ್ಟಿಗೆಗಳ ಹಣೆಬರಹ ಬಹಳ ಸಲ ಹೀಗೇ ಮುಗಿಯುತ್ತದೆ. ಆದರೆ ಚಿಪ್ ಕೂರಿಸಿದ ಪೆಟ್ಟಿಗೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಬೋರ್ಡ್ ಮೇಲಲ್ಲ. ಕೂದಲೆಳೆಯಂಥ ವೈರ್, ಕಾಗದದಂಥ ಪಟ್ಟಿ ಕೇಬಲ್, ಧೂಳು ಹಿಡಿದ ಪಿನ್ನುಗಳ ಮೇಲೆ. ಲೂಜ್ ಕನೆಕ್ಷನ್‌ಗೆ ಇಡೀ ಪೆಟ್ಟಿಗೆ ಬಲಿ ಕೊಡುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಹೊಸದು ಸಿಗದು

ಜಪಾನಿನಲ್ಲಿ 2000ದ ಮಾರ್ಚ್‌ನಲ್ಲಿ ಬಂದ ಸೋನಿ ಕಂಪನಿಯ ಪಿಎಸ್-2 ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ದೇಶದವರಿಗೆಂದೇ 2009ರಲ್ಲಿ ಕಬಡ್ಡಿ, ಚಿಣಿದಾಂಡು ಆಟಗಳಿದ್ದ ‘ದೇಸಿ ಅಡ್ಡಾ’ ಡಿಸ್ಕ್ ಕೂಡ ಬಂದಿತ್ತು. 2013ರ ಜನವರಿ ಹೊತ್ತಿಗೆ ತಯಾರಿಕೆ ನಿಂತಿತು. ಹೀಗಾಗಿ ಕೆಟ್ಟರೆ ಕಂಪನಿಯಿಂದ ಹೊಸದು ತರುವ ಮಾತೇ ಇಲ್ಲ.

ಅಂದು ಆಡಿದ ಹುಡುಗರು ಇಂದು ಪುಣೆ, ಬೆಂಗಳೂರು ಸೇರಿದ್ದಾರೆ. ದೀಪಾವಳಿಗೆ ಊರಿಗೆ ಬಂದಾಗ ಅಣ್ಣ-ತಮ್ಮ ಕೂಡಿ ಆಡಲು ಆ ಪೆಟ್ಟಿಗೆಯೇ ಬೇಕು. ಬರೀ 8 ಎಂಬಿ ಮೆಮೊರಿ ಕಾರ್ಡಿನಲ್ಲಿ ಅವರು ವರ್ಷಗಟ್ಟಲೆ ಗೆದ್ದದ್ದೆಲ್ಲ ಕುಳಿತಿರುತ್ತದೆ.

ಚಿಪ್‌ನ ಜಂಜಾಟ

ಕಂಪನಿಯಿಂದ ಬಂದ ಪೆಟ್ಟಿಗೆ ತನ್ನ ಪ್ರದೇಶದ ಅಸಲಿ ಗೇಮ್ ಡಿಸ್ಕನ್ನು ಮಾತ್ರ ಓದುತ್ತದೆ. ಹೊರದೇಶದ ಡಿಸ್ಕ್, ನಕಲು ಡಿಸ್ಕ್ ಓಡಲೆಂದು ಒಳಗೆ ಚಿಪ್ ಬೆಸೆಯುವ ರೂಢಿ ಬಂತು. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದು 2012ರ ಕಾನೂನು ತಿದ್ದುಪಡಿಯ ನಂತರ ಅಪರಾಧ. ಹೊಸದಾಗಿ ಚಿಪ್ ಹಾಕಿಸುವವರಿಗೆ ಇದು ಗೊತ್ತಿರಲಿ.

ಹಳೆಯ ಪೆಟ್ಟಿಗೆಗಳ ಕಷ್ಟ ಬೇರೆ. ಚಿಪ್‌ನಿಂದ ಹೊರಟ ಇಪ್ಪತ್ತರ ಆಸುಪಾಸು ಸಣ್ಣ ವೈರ್‌ಗಳನ್ನು ಸಾಸಿವೆ ಕಾಳಿಗಿಂತ ಚಿಕ್ಕ ಬಿಂದುಗಳಿಗೆ ಬೆಸೆದಿರುತ್ತಾರೆ. ಪೆಟ್ಟಿಗೆ ಕಾಯ್ದು ಆರುತ್ತಿದ್ದಂತೆ, ಎತ್ತಿ ಇಳಿಸಿದಂತೆ ಬೆಸುಗೆ ಬಿರುಕು ಬಿಡುತ್ತದೆ. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದು ‘ಡ್ರೈ ಸೋಲ್ಡರ್’. ತಟ್ಟಿದರೆ ನಡೆಯೋದು, ಬಿಟ್ಟರೆ ನಿಲ್ಲೋದು ಇದರ ಗುರುತು.

ಹೊರಗಿನಿಂದ ಸುರು ಮಾಡಿ

ಕೆಂಪು ದೀಪವೇ ಬಾರದಿದ್ದರೆ ಮೊದಲು ಕರೆಂಟಿನ ದಾರಿ ನೋಡಬೇಕು: ಸಾಕೆಟ್, ವೈರ್, ಅಡಾಪ್ಟರ್. 2004ರಲ್ಲಿ ಬಂದ ತೆಳು ಮಾದರಿಗೆ 8.5 ವೋಲ್ಟ್ ಅಡಾಪ್ಟರ್ ಬೇಕು. ಪಿನ್ ಕೂಡಿತೆಂದು 12 ವೋಲ್ಟಿನದು ಚುಚ್ಚಿದರೆ ನಿಜಕ್ಕೂ ಬೋರ್ಡ್ ಹೋದೀತು! ಹಸಿರು ದೀಪ ಬಂದೂ ಚಿತ್ರ ಇಲ್ಲವೆಂದರೆ ಬೇರೆ ಎವಿ ಕೇಬಲ್, ಬೇರೆ ಟಿವಿ ಹಚ್ಚಿ ನೋಡಿದ ಮೇಲೇ ಮುಂದಿನ ಮಾತು.

ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಬೇಕು. ದಪ್ಪ ಮಾದರಿಯಲ್ಲಿ ಮನೆ ಕರೆಂಟು ನೇರ ಒಳಗಿನ ಪವರ್ ಸಪ್ಲೈಗೇ ಬರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು. ಇದು ಹುಡುಗರ ಕೈಕೆಲಸವಲ್ಲ.

ಒಮ್ಮೆ ಬಿಚ್ಚಿದ ಪೆಟ್ಟಿಗೆಯಲ್ಲಿ ಲೆನ್ಸ್, ಬಟನ್‌ಗಳ ಪಟ್ಟಿ ಕೇಬಲ್ ಓರೆ ಕೂತಿರುವುದು ಹೊಸತಲ್ಲ. ಲಾಕ್ ಎತ್ತಿ ನೇರ ಎಳೆದು, ತುದಿಯನ್ನು ಐಪಿಎ ದ್ರಾವಣದಿಂದ ಒರೆಸಿ, ನೇರ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಮಡಿಕೆ ಬಿದ್ದು ಒಳಗೆರೆ ತುಂಡಾಗಿದ್ದರೆ ಪಟ್ಟಿಯನ್ನೇ ಬದಲಿಸಬೇಕು. ಕಂಟ್ರೋಲರ್, ಮೆಮೊರಿ ಕಾರ್ಡ್ ಎರಡನ್ನೂ ಪೆಟ್ಟಿಗೆ ಗುರುತಿಸದಿದ್ದರೆ ಆ ಪೋರ್ಟಿನ ಕನೆಕ್ಷನ್, ಅದರ ಬಳಿಯ ಪುಟ್ಟ ಫ್ಯೂಸ್ ನೋಡಬೇಕು. ಫ್ಯೂಸ್ ಜಾಗಕ್ಕೆ ಬರೀ ತಂತಿ ಬೆಸೆಯುವುದು ಬೇಡ. ಮತ್ತೊಮ್ಮೆ ಶಾರ್ಟ್ ಆದರೆ ತಡೆಯಲು ಏನೂ ಉಳಿಯದು.

ಮೀಟರ್ ಹೇಳುವ ಸತ್ಯ

ಕೊನೆಗೆ ಚಿಪ್. ಹಲವು ಚಿಪ್‌ಗಳನ್ನು ಬಟನ್ ಒತ್ತಿ ಹಿಡಿದು ಮಲಗಿಸಬಹುದು. ಚಿಪ್ ಮಲಗಿಸಿದಾಗ ಅಸಲಿ ಡಿಸ್ಕ್ ಓಡಿತೆಂದರೆ ಬೋರ್ಡ್, ಲೆನ್ಸ್ ಎರಡೂ ನೆಟ್ಟಗಿವೆ; ದೋಷ ಚಿಪ್ ಕಡೆಗಿದೆ. ಓಡದಿದ್ದರೂ ಕೂಡಲೇ ಬೋರ್ಡನ್ನು ದೂರುವಂತಿಲ್ಲ. ಮಲಗಿದ ಚಿಪ್‌ನ ವೈರೊಂದು ಪಕ್ಕದ ಬಿಂದುವಿಗೋ, ಒಳಗಿನ ತಗಡಿಗೋ ತಾಗಿರಬಹುದು.

ಆಗ ಕರೆಂಟ್ ಪೂರಾ ತೆಗೆದು ಮಲ್ಟಿಮೀಟರ್ ಅನ್ನು ಬೀಪ್‌ಗೆ ಇಟ್ಟು ಒಂದೊಂದೇ ವೈರ್ ಎರಡು ತುದಿಗೂ ಹಿಡಿದು ನೋಡಬೇಕು. ಬೀಪ್ ಬಾರದ ಕಡೆ ಬೆಸುಗೆ ಬಿಟ್ಟಿದೆ. ಪಕ್ಕಪಕ್ಕದ ಬಿಂದುಗಳ ನಡುವೆ ಬೀಪ್ ಬಂದರೆ, ಅವು ಒಂದೇ ಗೆರೆಯವಲ್ಲದಿದ್ದರೆ, ಅದು ಶಾರ್ಟ್. ಬಿಟ್ಟಲ್ಲಿ ಪೇಸ್ಟ್ ಹಚ್ಚಿ ಚೂಪು ಮೊನೆಯ ಐರನ್‌ನಿಂದ ಕ್ಷಣಮಾತ್ರ ಮುಟ್ಟಿಸಿದರೆ ಸಾಕು. ಹೆಚ್ಚು ಹೊತ್ತು ಹಿಡಿದರೆ ಬಿಂದುವೇ ಕಿತ್ತು ಬರುತ್ತದೆ.

ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಡ, ತಾಳ್ಮೆ ಬೇಕು. ತಾಸುಗಟ್ಟಲೆ ಕೂತು ವೈರ್ ಹುಡುಕುವ ಮೆಕ್ಯಾನಿಕ್‌ಗೆ ‘ಬರೀ ಒಂದು ಟಾಕಿಗೆ ಇಷ್ಟ್ಯಾಕ್ರಿ?’ ಎಂದು ಚೌಕಾಸಿ ಮಾಡುವುದೂ ತಪ್ಪೇ. ಅವರ ಹೊತ್ತಿಗೆ ಬೆಲೆ ಸಿಗದಿದ್ದರೆ ‘ಬೋರ್ಡ್ ಹೋಗೇತಿ’ ಎನ್ನುವುದೇ ಅವರಿಗೂ ಸಸಾರ.

ಗಿರಾಕಿಗಳು ಕೇಳಬೇಕಾದ ಪ್ರಶ್ನೆ ಒಂದೇ: ‘ಮೀಟರ್ ಹಚ್ಚಿ ನೋಡೀರೇನ್ರಿ? ಯಾವ ವೈರ್ ಬಿಟ್ಟಿತ್ತು, ತೋರಿಸ್ರಿ’. ಮತ್ತೆ, ಪೆಟ್ಟಿಗೆ ಅಂಗಡಿಗೆ ಕೊಡುವ ಮುನ್ನ ಮೆಮೊರಿ ಕಾರ್ಡ್ ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ಇನ್ನೊಂದು ಹಳೇದು ಸಿಕ್ಕೀತು. ಅದರೊಳಗಿನ ಆಟ ಸಿಗಲಿಕ್ಕಿಲ್ಲ.